ಜೇಬಿನಲ್ಲಿದ್ದ ತಾಂಬೂಲ

ಪುಟ್ಟಿ, ಚಿನ್ನು, ಮೂಗೂರಿನ ತಾತ ನಮ್ಮ ಮನೆಗೆ ಹೇಗೆ ಬಂದರೆಂದು ಕೇಳುತ್ತಿದ್ದಿರಿ. ಬಾಯಲ್ಲಿ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಸ್ವಂತ ತಾತ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಇವರೂ ಹೆಂಡತಿಯನ್ನು ಕಳೆದುಕೊಂಡವರು. ನಂಜನಗೂಡು–ನರಸೀಪುರ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಈಗಲೂ ಯಾರ ಮನೆಗೆ ಹೋದರೂ, "ಏಳಿ ಸಾ, ಲೇಡೀಸು ನಿಂತವ್ರೆ" ಎಂದು ಗಂಡಸರನ್ನು ಎಬ್ಬಿಸುತ್ತಾರೆ.

ಒಂದು ಸಂಜೆ ಅವರು ನನ್ನನ್ನು ಮದುವೆಗೆ ಕೇಳಲೆಂದೇ ಎಲೆ ಅಡಿಕೆಯನ್ನು ಕಾಗದದಲ್ಲಿ ಕಟ್ಟಿ ಜೇಬಿನಲ್ಲಿಟ್ಟುಕೊಂಡು ಕವಲಂದೆಯ ನಮ್ಮ ಮನೆಗೆ ಬಂದಿದ್ದರು. ನಮ್ಮಲ್ಲಿ ತಾಂಬೂಲ ತೆಗೆದುಕೊಂಡರೆ ಮಾತು ಗಟ್ಟಿಯಾದಂತೆ. ವಿಷಯವನ್ನು ಜೊತೆಗಿದ್ದ ನನ್ನ ಅಕ್ಕ ಮೊದಲೇ ನನ್ನ ಕಿವಿಗೆ ಹಾಕಿದ್ದಳು.

ಟೀವಿಯಲ್ಲಿ ಒಂದು ಸಿನಿಮಾ ಬರುತ್ತಿತ್ತು. ಅದರಲ್ಲೂ ಒಬ್ಬ ಮುದುಕ ಒಬ್ಬ ಮುದುಕಿಯನ್ನು ಮೆಚ್ಚಿ, ಹೇಳಲಾರದೆ ಒದ್ದಾಡುತ್ತಿದ್ದ. ಕೊನೆಗೂ ಅವನು ಬಾಯಿಬಿಟ್ಟಾಗ ಇವರಿಗೂ ಧೈರ್ಯ ಬಂತು. ಎದ್ದು ಜೇಬಿಗೆ ಕೈಹಾಕಿದರೆ ಬರೀ ಕಾಗದ! ಸಿನಿಮಾ ನೋಡುತ್ತಾ ಗಾಬರಿಯಲ್ಲಿ ಎಲೆ ಅಡಿಕೆಯನ್ನೆಲ್ಲ ಅಗಿದು ಮುಗಿಸಿದ್ದರು.

"ಏನಣ್ಣೋ, ಎಣ್ಣು ಕೇಳಾಕೆ ಬಂದು ತಾಂಬೂಲನೇ ತಿಂದ್ಬುಟ್ಟಲ್ಲಾ!" ಎಂದು ಅಕ್ಕ ಬಿದ್ದು ಬಿದ್ದು ನಕ್ಕಳು.

"ನಾಳೀಕೆ ಬತ್ತೀನಿ ಕಣವ್ವಾ" ಎಂದು ಅವರು ತಲೆ ತಗ್ಗಿಸಿ ಚಪ್ಪಲಿ ಹುಡುಕತೊಡಗಿದರು.

ಈ ಅವಮಾನದಲ್ಲಿ ಹೋದರೆ ಇವರು ಮತ್ತೆ ಬರುವುದಿಲ್ಲ ಎಂದು ನನಗೆ ಭಯವಾಯಿತು. ಅಕ್ಕನ ಎಲೆಚೀಲ ಕಿತ್ತುಕೊಂಡು, ಎರಡು ಎಲೆ, ಒಂದು ಅಡಿಕೆ ತೆಗೆದು ನಾನೇ ಅವರ ಮುಂದೆ ಹಿಡಿದೆ.

"ತಕ್ಕಳಿ. ಇದ್ನ ಮಾತ್ರ ಈಗ್ಲೇ ಬಾಯಿಗಾಕ್ಬ್ಯಾಡಿ" ಎಂದೆ.

ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು.

ಈಗ ನೋಡಿದರೆ, ತಾವೇ ನನ್ನನ್ನು ಕೇಳಿದ್ದೆಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ. ಅದಕ್ಕೇ ಮಕ್ಕಳೇ, ಈ ಹಾಳೆಗಳನ್ನು ತಾತನ ಕೈಗೆ ಸಿಗದ ಹಾಗೆ ಜೋಪಾನವಾಗಿ ಇಟ್ಟುಕೊಳ್ಳಿ.