ದೀಪದ ತಂತಿಯಲ್ಲಿ ಬಂದ ಚಿತ್ರ

ಏಕಾಂತಪ್ಪನ ಮಾತು ನಂಬುವುದಾದರೆ, ಅವನು ಕೈಯಿಟ್ಟ ಗಾಡಿಯ ವೈರಿಂಗು ಕೈಕೊಟ್ಟ ದಿನ ತುಂಗಭದ್ರೆಗೆ ಬೆಂಕಿ ಹತ್ತುತ್ತದೆ. ಹರಿಹರದ ತಗಡಿನ ಶೆಡ್ಡಿನಲ್ಲಿ ಟ್ರ್ಯಾಕ್ಟರು, ಲಾರಿಗಳ ಕರೆಂಟು ಕೆಲಸ ಮಾಡುತ್ತಲೇ ಅವನ ಮೀಸೆ ಬೆಳ್ಳಗಾಗಿದೆ. ಹೆಸರು ಬಂದದ್ದು ಮಾತ್ರ ಬಣ್ಣದ ದೀಪಗಳಿಂದ. ಅವನು ಸಿಂಗರಿಸಿದ ಟ್ರೇಲರು ಊರು ಹಾದುಹೋದರೆ, ಬೆಳಗಾಯಿತೆಂದು ಕೋಳಿಗಳು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಳ್ಳುತ್ತವಂತೆ.

ಕೊಕ್ಕನೂರಿನ ರೇಖಾಳ ಟ್ರೇಲರಿಗೂ ಅವನವೇ ದೀಪಗಳು. ಮೆಕ್ಕೆಜೋಳ ತುಂಬಿಕೊಂಡು ದಾವಣಗೆರೆ ಮಾರುಕಟ್ಟೆಗೆ ಆಕೆ ತಾನೇ ಟ್ರ್ಯಾಕ್ಟರು ಹೊಡೆಯುತ್ತಾಳೆ. ಹಿಂದಕ್ಕೆ ತೆಗೆಯುವಾಗ ಮಾತ್ರ ತಮ್ಮ ಮಾರುತಿ ಇಳಿದು ಕೈಬೀಸಬೇಕು. ಹೋದ ವಾರ ಅವನು ಮೊಬೈಲು ನೋಡುತ್ತಲೇ "ಬಾ, ಬಾ" ಅಂದ. ಟ್ರೇಲರು ಹೋಗಿ ಚಹಾದಂಗಡಿಯ ಕಂಬಕ್ಕೆ ಒರಗಿತು. ರೇಖಾ ತಮ್ಮನ ಕಣ್ಣನ್ನು ನಂಬುವುದು ಬಿಟ್ಟು, ಟ್ರೇಲರಿನ ಹಿಂದೆ ಕೂರಿಸುವ ಕ್ಯಾಮೆರಾ ಕೊಂಡು ಏಕಾಂತಪ್ಪನ ಶೆಡ್ಡಿಗೆ ಬಂದಳು.

"ಟ್ರೇಲರ್ ಬಿಚ್ಚೋದು, ಜೋಡಿಸೋದು ದಿನಾ ಇದ್ದದ್ದೇ ಏಕಾಂತಪ್ಪಣ್ಣ. ಇನ್ನೊಂದು ವೈರು ಎಳೀಬ್ಯಾಡ್ರಿ, ಕಿತ್ತು ಹೋಗ್ತೈತೆ."

"ವೈರು ಯಾಕ ಬೇಕು ತಂಗಿ? ಹಿಂದೊಂದು ಡಬ್ಬಿ, ಮುಂದೊಂದು ಡಬ್ಬಿ. ಹಿಂದಿನ ದೀಪಕ್ಕೆ ಕರೆಂಟು ಹೋಗೋ ತಂತಿಯಾಗೇ ಚಿತ್ರಾನೂ ಬರ್ತೈತೆ. ಗಂಡಿನ ಕಡೆಯೋರು, ಹೆಣ್ಣಿನ ಕಡೆಯೋರು ಒಂದೇ ಬಸ್ಸಿನಾಗ ಬಂದಂಗೆ!"

"ಸಂಜಿಗೆ ಲೋಡು ಐತೆ. ಆಗದಿದ್ರೆ ಈಗ್ಲೇ ಹೇಳ್ರಿ, ದಾವಣಗೆರೆಯಾಗ ಹಾಕಿಸ್ತೀನಿ."

ಏಕಾಂತಪ್ಪನಿಗೆ ಮೆಣಸಿನಕಾಯಿ ಕಡಿದಂತಾಯಿತು. ತನ್ನ ಗಿರಾಕಿ ದಾವಣಗೆರೆ ಪಾಲಾದರೆ ಹರಿಹರದಲ್ಲಿ ತಲೆಯೆತ್ತಿ ಚಹಾ ಕುಡಿಯುವುದು ಹೇಗೆ? ಡಬ್ಬಿಗಳನ್ನು ಕೂರಿಸಿ, ಮೊದಲು ಬಣ್ಣದ ದೀಪಗಳನ್ನು ಹಚ್ಚಿದ. ದೀಪ ಕುಣಿಯದ ಟ್ರೇಲರೆಂದರೆ ಅವನಿಗೆ ಬಾಸಿಂಗವಿಲ್ಲದ ಮದುಮಗ. ಆಮೇಲೆ ಕ್ಯಾಮೆರಾ ಚಾಲೂ ಮಾಡಿದ. ಸೀಟಿನ ಮುಂದೆ ಕೂರಿಸಿದ ಪರದೆಯ ಮೇಲೆ ಮಂಡಕ್ಕಿ ಭಟ್ಟಿ ಹೊತ್ತಿಕೊಂಡಂತೆ ಬಿಳಿ ಚುಕ್ಕೆಗಳು ಚಿಮ್ಮಿದವು, ಚಿತ್ರದ ಸುಳಿವಿಲ್ಲ.

ಫ್ಯೂಜು ಬದಲಿಸಿದ. ತುಕ್ಕು ಕೆರೆದ. ಡಬ್ಬಿ ಮಾಡಿದವನ ಏಳು ತಲೆಮಾರಿಗೂ ಬೈದ. ಬೈಗುಳಕ್ಕೆ ಶೆಡ್ಡಿನ ತಗಡು ಕಾದು ಕೆಂಪಾಯಿತೇ ಹೊರತು ಚಿತ್ರ ಬರಲಿಲ್ಲ.

ಸೀಟಿನ ಮೇಲೆ ಕೂತಿದ್ದ ರೇಖಾ, "ಕಣ್ಣು ಕುಕ್ಕತೈತೆ ಮಾರಾಯ್ರ" ಎಂದು ಬಣ್ಣದ ದೀಪ ಆರಿಸಿದಳು. ಪರದೆ ತಟ್ಟನೆ ತಿಳಿಯಾಯಿತು.

"ಅಣ್ಣಾ, ಚಿತ್ರ ಬಂತು! ನಿಮ್ಮ ರೊಟ್ಟಿ ಹೋತು!"

ಟ್ರೇಲರಿನ ಹಿಂದೆ ನಾಯಿಯೊಂದು ಏಕಾಂತಪ್ಪನ ಬುತ್ತಿ ಬಿಚ್ಚಿ ಊಟಕ್ಕೆ ಕೂತಿತ್ತು. ಅದರ ಮೀಸೆಯ ಮೇಲಿನ ಚಟ್ನಿಪುಡಿಯೂ ಎಣಿಸುವಷ್ಟು ಸ್ಪಷ್ಟ.

ನಾಯಿಯನ್ನು ಓಡಿಸುವುದು ಮರೆತು ಅವನು ತಲೆ ಕೆರೆದುಕೊಂಡ. ದೀಪ ಕುಣಿಸಲು ತಾನೇ ಹಾಕಿದ್ದ ಅಗ್ಗದ ಪೆಟ್ಟಿಗೆ ಅದೇ ತಂತಿಯಲ್ಲಿ ಗದ್ದಲ ಎಬ್ಬಿಸುತ್ತಿತ್ತು. ಬ್ಯಾಂಡಿನವರು ಬಾರಿಸುವಾಗ ಅಯ್ಯನವರ ಮಂತ್ರ ಕೇಳಿಸೀತೇ? ಹೊಸ ಸ್ವಿಚ್ಚು ಹಾಕಿದ: ಕ್ಯಾಮೆರಾ ಹಚ್ಚಿದರೆ ಬಣ್ಣದ ದೀಪ ತಾನಾಗಿ ಆರುವಂಥದ್ದು.

ರೇಖಾ ಕತ್ತು ತಿರುಗಿಸದೆ, ಪರದೆ ನೋಡುತ್ತಲೇ, ಕಿಷ್ಕಿಂಧೆಯಂಥ ಓಣಿಯಲ್ಲಿ ಟ್ರೇಲರನ್ನು ಸರಾಗವಾಗಿ ಹಿಂದಕ್ಕೆ ತೆಗೆದಳು. ಬೀದಿಯವರು ಸಿಳ್ಳೆ ಹೊಡೆದರು. ಆಕೆ ನಗುತ್ತಾ ಕೂಗಿದಳು:

"ಏನ್ರಿ ಅಣ್ಣಾ, ಊರಿಗೇ ಬೆಳಕು ಕೊಡೋರು ನೀವು! ನಿಮ್ಮ ದೀಪಾನ ನೀವೇ ಆರಿಸಿದ್ರಲ್ಲ?"

ಏಕಾಂತಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಮುಂದಕ್ಕೆ ಹೋಗುವಾಗ ನಾಕು ಮಂದಿ ನೋಡ್ಲಿ ಅಂತ ದೀಪ, ತಂಗಿ. ಹಿಂದಕ್ಕೆ ಬರೋದಕ್ಕೆ ಯಾರಾದ್ರೂ ಮೆರವಣಿಗಿ ಮಾಡಿಸ್ಕೊಂತಾರ?"