ಸರೋಜ ಎಂದರೆ ಎದ್ದು ನಿಂತವಳು

ಲಕ್ಷ್ಮೀಪುರಂನ ನಮ್ಮ ಬೀದಿಯ ತಿರುವಿನಲ್ಲಿ ಒಂದು ಜೆರಾಕ್ಸ್ ಅಂಗಡಿಯಿದೆ. ಇವತ್ತು ಬೆಳಿಗ್ಗೆ ಪಿಂಚಣಿ ಕೆಲಸಕ್ಕೆಂದು ಆಧಾರ್ ಕಾರ್ಡಿನ ಪ್ರತಿ ತೆಗೆಸಲು ಹೋಗಿದ್ದೆ. ಯಂತ್ರದಿಂದ ಹೊರಬಂದ ಹಾಳೆ ಇನ್ನೂ ಬೆಚ್ಚಗಿತ್ತು. ಇಸ್ತ್ರಿ ಬಟ್ಟೆಗೂ ಸುಟ್ಟ ಪ್ಲಾಸ್ಟಿಕ್ಕಿಗೂ ನಡುವಿನ ಆ ವಾಸನೆ ನಿಮಗೂ ಗೊತ್ತಿರುತ್ತದೆ. ನಿಮಗೆ ಅದರಿಂದ ಏನು ನೆನಪಾಗುತ್ತದೋ ಕಾಣೆ, ನನಗೆ ಪೊಲೀಸ್ ಠಾಣೆ ನೆನಪಾಗುತ್ತದೆ. ಗಾಬರಿಯಾಗಬೇಡಿ, ನಾನು ಅಂಥ ಸಾಹಸಿಯಲ್ಲ. ಖಾಲಿ ರಸ್ತೆಯಲ್ಲೂ ಸಿಗ್ನಲ್ ಹಸಿರಾಗುವ ತನಕ ಕಾಯುವ ಪೈಕಿ.

ನಾನು ಠಾಣೆಗೆ ಹೋಗಬೇಕಾಗಿ ಬಂದಾಗ ಸರೋಜ ತೀರಿಕೊಂಡು ಮೂರನೆಯ ವರ್ಷ ನಡೆಯುತ್ತಿತ್ತು. ಸರೋಜ ನನ್ನ ಹೆಂಡತಿ. ಮಕ್ಕಳಿಲ್ಲದ ಮನೆಯಲ್ಲಿ ಇಬ್ಬರಲ್ಲಿ ಒಬ್ಬರು ಹೋದರೆ ಮೊದಲು ಬಳಕೆ ತಪ್ಪುವುದು ಹೆಸರು. ಅವಳಿದ್ದಾಗ ಕನ್ನಡಕ ಕಾಣದಿದ್ದರೂ, ಬೀಗದ ಕೈ ಕಾಣದಿದ್ದರೂ ಹುಡುಕಾಟ ಅವಳ ಹೆಸರಿನಿಂದಲೇ ಶುರು. ಆಮೇಲೆ ಸದ್ದಿಲ್ಲದೆ ಹುಡುಕಲು ಕಲಿತೆ. ನನಗೆ ನೋವಾದೀತೆಂಬ ದಾಕ್ಷಿಣ್ಯಕ್ಕೆ ನೆಂಟರೂ ಹೆಸರೆತ್ತುತ್ತಿರಲಿಲ್ಲ. "ಅವರು ಇದ್ದಾಗ" ಎನ್ನುತ್ತಿದ್ದರು, ಯಾವುದೋ ಬಿದ್ದುಹೋದ ಸರ್ಕಾರದ ಮಾತಾಡುವ ಹಾಗೆ.

ಒಂದು ಮಧ್ಯಾಹ್ನ ಪೇದೆಯೊಬ್ಬರು ಗೇಟು ತಟ್ಟಿದರು.

"ಸರೋಜಮ್ಮೋರ ಮನೆ ಇದೇನಾ? ಇದಾರಾ?"

"ಇಲ್ಲ," ಎಂದೆ.

"ಎಷ್ಟೊತ್ತಿಗೆ ಬತ್ತಾರೆ?"

ಗೋಡೆಯ ಮೇಲಿನ ಫೋಟೋ ತೋರಿಸಿದೆ. ಅವರು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು. "ಅಯ್ಯೋ, ತಿಳೀಲಿಲ್ಲ ಕಣ್ರೀ. ಆದ್ರೆ ಅವ್ರ ಹೆಸ್ರಿನ ಫೋನು ಇವತ್ತೂ ಮಾತಾಡ್ತಾ ಅದೆ. ಒಂಚೂರು ಸ್ಟೇಷನ್‌ಗೆ ಬಂದ್ಬುಡಿ ಸಾರ್."

ನಡೆದದ್ದು ಇಷ್ಟು. ಮಂಡಿ ಮೊಹಲ್ಲಾದ ಒಬ್ಬ ಮೊಬೈಲ್ ಅಂಗಡಿಯವನು, ಗಿರಾಕಿಗಳು ಸಿಮ್ಮಿಗೆಂದು ಕೊಟ್ಟ ಕಾರ್ಡಿನ ಪ್ರತಿಗಳನ್ನು ಚೀಲದಲ್ಲಿ ತುಂಬಿಟ್ಟುಕೊಂಡಿದ್ದ. ಬೇಕೆಂದವರಿಗೆ ಅವನ್ನು ಮಾರುತ್ತಿದ್ದ, ಅದೇ ಹೆಸರಿನಲ್ಲಿ ಸಿಮ್ಮನ್ನೂ ಕೊಡುತ್ತಿದ್ದ. ಸರೋಜಳ ಪ್ರತಿಯನ್ನು ಕೊಂಡವಳು ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಸರೋಜ ಎಂದೇ ಹೇಳಿಕೊಂಡು ಪ್ಯಾಕಿಂಗ್ ಕೆಲಸಕ್ಕೆ ಸೇರಿದ್ದಳು.

ಠಾಣೆಗೆ ಹೋಗುವ ದಾರಿಯುದ್ದಕ್ಕೂ ನನ್ನ ಮೈ ಉರಿಯುತ್ತಿತ್ತು. ಸತ್ತವರ ಹೆಸರನ್ನೂ ಬಿಡುವುದಿಲ್ಲವೇ ಇವರು ಎಂದು ದೊಡ್ಡ ಭಾಷಣವನ್ನೇ ಕಟ್ಟಿಕೊಂಡಿದ್ದೆ. ಸಬ್ ಇನ್ಸ್‌ಪೆಕ್ಟರು ಆ ಪ್ರತಿಯನ್ನು ಮುಂದಿಟ್ಟು, "ಇದು ನಿಮ್ಮನೆಯವ್ರದ್ದೇನಾ?" ಎಂದರು. ಮಸಿ ಬಳಿದಂಥ ಚಿತ್ರ. ಕಾರ್ಡು ಬಂದ ದಿನವೇ ಸರೋಜ, "ಇದು ನಾನಲ್ಲ, ನಿಮ್ಮತ್ತೆ," ಎಂದು ನಕ್ಕಿದ್ದಳು. ಆ ಚಿತ್ರಕ್ಕೆ ಯಾವ ಹೆಂಗಸಾದರೂ ಹೊಂದುತ್ತಿದ್ದಳು. ಅದರ ಕೆಳಗೆ ಮಾತ್ರ ಅವಳದೇ ಸಹಿ, ಸ ಅಕ್ಷರ ಯಾವಾಗಿನಂತೆ ಒಂದಿಷ್ಟು ಬಾಗಿತ್ತು.

"ಇದನ್ನ ನಾನು ಇಟ್ಕೋಬಹುದಾ?"

"ಸಾಕ್ಷಿ ಸಾರ್. ಕೊಡಕ್ಕಾಗಲ್ಲ."

ಅಷ್ಟರಲ್ಲಿ ಮಹಿಳಾ ಪೇದೆ ಬಾಗಿಲಿನಿಂದ ಕೂಗಿದರು: "ಸರೋಜಾ, ಬಾಮ್ಮ ಇಲ್ಲಿ."

ಹೊರಗಿನ ಬೆಂಚಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. ಮೂವತ್ತು ದಾಟಿದ್ದಿರಬಹುದು, ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು. ಮೂರು ವರ್ಷದಲ್ಲಿ ಆ ಹೆಸರನ್ನು ಯಾರೂ ಕೂಗಿರಲಿಲ್ಲ. ಈಗ ಕೂಗಿದರು, ಒಬ್ಬಳು ಓಗೊಟ್ಟಳು. ನಾನು ಕಟ್ಟಿಕೊಂಡು ಬಂದ ಭಾಷಣ ಎಲ್ಲಿ ಹೋಯಿತೋ.

"ನಿಜವಾದ ಹೆಸ್ರು ಹೇಳಮ್ಮ," ಎಂದರು ಸಬ್ ಇನ್ಸ್‌ಪೆಕ್ಟರು.

"ಮಾದೇವಿ."

"ನಿನ್ ಕಾರ್ಡೇನಾಯ್ತು?"

"ಊರಲ್ಲಿ ಗಂಡನ್ ತಾವ ಅದೆ ಸಾ. ಏಟು ತಡೀನಾರ್ದೆ ಉಟ್ಟ ಬಟ್ಟೇಲಿ ಬಂದ್ಬುಟ್ಟೆ. ಕಾರ್ಡು ಇಸ್ಕಳಕೆ ಓದ್ರೆ ನನ್ನೂ ಮಡಿಕತಾನೆ. ಕಾರ್ಡಿಲ್ದೆ ಯಾರೂ ಗೇಟೊಳಕೂ ಬುಡಕಿಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ಆಯಮ್ಮ ಸತ್ತೋಗವ್ರೆ ಅಂತ ಗೊತ್ತಿರ್ನಿಲ್ಲ ಸಾ. ಯಾರೋ ಬದುಕಿರೋರು, ನನ್ನಿಂದ ಅವ್ರ ಎಸ್ರು ಕೆಡಬಾರ್ದು ಅಂತ ಆ ಫೋನಲ್ಲಿ ಯಾರಿಗೂ ಒಂದು ಕೆಟ್ಟ ಮಾತೂ ಆಡ್ನಿಲ್ಲ."

"ನನ್ನ ಕಡೆಯಿಂದ ಏನೂ ದೂರಿಲ್ಲ. ಬಿಟ್ಬಿಡಿ," ಎಂದೆ.

ಸಬ್ ಇನ್ಸ್‌ಪೆಕ್ಟರು ಬೇಸರವಿಲ್ಲದೆ ತಿಳಿಸಿ ಹೇಳಿದರು. "ಇದು ಕಳೆದೋದ ಕೊಡೆ ಅಲ್ಲ ಸಾರ್, ಸಿಕ್ತು ಬಿಡಿ ಅನ್ನಕ್ಕೆ. ಅಪ್ಪಣೆ ಇಲ್ದೆ ಇನ್ನೊಬ್ರ ಗುರುತು ಇಟ್ಕೊಂಡು ದಂಧೆ ಮಾಡೋದು, ಅದನ್ನ ತಮ್ದು ಅಂತ ತೋರ್ಸೋದು, ಎರಡೂ ಕೇಸೇ. ಯಾವ ಉದ್ದೇಶಕ್ಕೆ ಅನ್ನೋದನ್ನ ಕೋರ್ಟು ನೋಡುತ್ತೆ."

ಅಷ್ಟಕ್ಕೆ ಸುಮ್ಮನಾಗುವುದು ನನ್ನ ಸ್ವಭಾವ. ಅಂದು ಯಾಕೋ ಆಗಲಿಲ್ಲ. "ಹಾಗಾದ್ರೆ ಇವಳ ಗುರುತನ್ನ ಇವಳ ಗಂಡ ಇಟ್ಕೊಂಡಿದಾನಲ್ಲ, ಅದು ಯಾವ ಕೇಸು?" ಎಂದು ಕೇಳಿಬಿಟ್ಟೆ. ಮಾದೇವಿ ನೆಲ ನೋಡುತ್ತಿದ್ದಳು. ಮಹಿಳಾ ಪೇದೆ ಪೆನ್ನಿನ ಮುಚ್ಚಳ ತೆಗೆದು, "ಅದನ್ನೂ ಬರ್ಕೊಳ್ಳೋಣ ಸಾರ್. ಏಟಿನ ವಿಚಾರಾನೂ," ಎಂದರು. ಸಬ್ ಇನ್ಸ್‌ಪೆಕ್ಟರು ತಲೆಯಾಡಿಸಿದರು.

ಅಂಗಡಿಯವನ ಮೇಲೆ ಕೇಸಾಯಿತು. ಮಾದೇವಿಯನ್ನು ಸಾಕ್ಷಿ ಮಾಡಿಕೊಂಡರು. ಅವಳಿಂದ ನಮಗೆ ಯಾವ ಕೇಡೂ ಆಗಿಲ್ಲವೆಂದು ನಾನು ಹೇಳಿಕೆ ಕೊಟ್ಟೆ. ಅವಳಿಗೆ ಇದ್ದ ಕೆಲಸ ಹೋಯಿತು. ಕೆಲವು ತಿಂಗಳಾದ ಮೇಲೆ ಒಂದು ಭಾನುವಾರ ಅವಳೇ ವಿಳಾಸ ಕೇಳಿಕೊಂಡು ನಮ್ಮ ಮನೆಗೆ ಬಂದಳು. ಪೊಲೀಸರು ಊರಿಗೆ ಹೋಗಿ ಗಂಡನಿಂದ ಕಾರ್ಡು ಬಿಡಿಸಿ ತಂದುಕೊಟ್ಟಿದ್ದರು. ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಬೇರೊಂದು ಕಾರ್ಖಾನೆಯಲ್ಲಿ ಮಾದೇವಿಯಾಗಿಯೇ ಕೆಲಸಕ್ಕೆ ಸೇರಿದ್ದಳಂತೆ.

ಕಾಫಿ ಮಾಡಿಕೊಟ್ಟೆ. ಅದು ಹೇಗಿತ್ತೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಲೋಟ ತೊಳೆದಿಟ್ಟು ಫೋಟೋದ ಮುಂದೆ ನಿಂತಳು.

"ಅಷ್ಟು ದಿನ ಈಯಮ್ಮನ ಎಸ್ರಲ್ಲಿ ಉಂಡೆ. ಎಂಗಿದ್ರು ಸಾ ಇವ್ರು?"

ಯಾರೂ ಕೇಳಿರಲಿಲ್ಲ. ಏನು ಕಾಯಿಲೆ ಎಂದು ಕೇಳಿದ್ದರು, ಎಷ್ಟು ವಯಸ್ಸು ಎಂದು ಕೇಳಿದ್ದರು. ಹೇಗಿದ್ದಳು ಎಂದು ಯಾರೂ ಕೇಳಿರಲಿಲ್ಲ. ಶುರುಮಾಡಿದೆ. ಸರೋಜ ಕುಳಿತಲ್ಲೇ ನಿದ್ದೆ ಮಾಡುತ್ತಿದ್ದಳು, ಮಾಡಿಲ್ಲವೆಂದು ಜಗಳವಾಡುತ್ತಿದ್ದಳು. ಸರೋಜ ಬೀದಿಯ ನಾಯಿಗಳಿಗೆಲ್ಲ ಹೆಸರಿಟ್ಟಿದ್ದಳು. ಸರೋಜ, ಸರೋಜ ಎಂದು ಮನೆ ತುಂಬುವ ಹಾಗೆ ಹೇಳುತ್ತಲೇ ಹೋದೆ. ಮಾದೇವಿ ಹೊಸ್ತಿಲ ಪಕ್ಕ ಕೂತು ಕೇಳಿದಳು. ಬಿಸಿಲು ಇಳಿದಾಗ, "ಬಸ್ಸು ತಪ್ಪೋಯ್ತದೆ ಸಾ," ಎಂದು ಎದ್ದಳು.

ಮತ್ತೆ ಬರಲಿಲ್ಲ. ಬರಬೇಕಾದ ಕಾರಣವೂ ಇರಲಿಲ್ಲ. ಸಂಜೆಗಳು ಮೊದಲಿನಂತೆಯೇ ಉದ್ದವಾಗಿವೆ.

ಇವತ್ತು ಜೆರಾಕ್ಸ್ ಅಂಗಡಿಯಿಂದ ಬರುವಾಗ ಎದುರು ಮನೆಯವರು ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಅವರು ಬಾಡಿಗೆಗೆ ಬಂದು ಎರಡು ವರ್ಷವಾಗಿರಬೇಕು, ದಿನವೂ ತಲೆಯಾಡಿಸುತ್ತೇವೆ. ಗೇಟಿನ ಹತ್ತಿರ ನಿಂತು, "ಇಷ್ಟು ದಿನ ಕೇಳೇ ಇಲ್ಲ, ತಮ್ಮ ಹೆಸರೇನು?" ಎಂದೆ. ಅವರು ಹೆಸರು ಹೇಳಿದರು. ಕುರ್ಚಿಯ ಮೇಲಿದ್ದ ಪತ್ರಿಕೆಯನ್ನು ಎತ್ತಿಕೊಂಡು, "ಬನ್ನಿ, ಕೂತ್ಕೊಳಿ," ಎಂದರು.

ಹೋಗಿ ಕೂತೆ.