ಅವ್ವನಿಗಾಗಿ ಅತ್ತ ಮಧ್ಯಾಹ್ನ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಅಳುವಂತಿರಲಿಲ್ಲ. ಅವ್ವ ತೀರಿಕೊಂಡ ದಿನವೂ ಅಪ್ಪ ಬಾಗಿಲು ಮುಂದೆ ಮಾಡಿ, ‘ಸದ್ದು ಮಾಡಬ್ಯಾಡ್ರಿ’ ಎಂದಷ್ಟೇ ಹೇಳಿದ್ದ. ಮಣ್ಣು ಮುಗಿದ ಮೇಲೆಯೇ ಅವನು ತಾಂಡಾಕ್ಕೆ ಸುದ್ದಿ ಕಳಿಸಿದ್ದು.

ರಾಣೆಬೆನ್ನೂರಿನ ಆಚೆಯ ಆ ತಾಂಡಾ ನಮ್ಮ ಮೂಲ. ನಾವು ಲಂಬಾಣಿಗರು. ಆದರೆ ಬ್ಯಾಡಗಿಯ ನಮ್ಮ ಓಣಿಗೆ ಅದು ಗೊತ್ತಿರಲಿಲ್ಲ. ಊರು ಬಿಟ್ಟು ಬಂದ ಮೇಲೆ ಅವ್ವ ಕನ್ನಡಿ ಹೊಲಿದ ಲಂಗ ಕಟ್ಟಿಟ್ಟು ಸೀರೆ ಉಟ್ಟಳಂತೆ. ಮನೆಯೊಳಗೂ ನಮ್ಮ ಭಾಷೆ ಆಡಬಾರದು, ಶಾಲೆಯಲ್ಲಿ ನಾಲಿಗೆ ತೊಡರಿದರೆ ಮಂದಿ ನಗುತ್ತಾರೆ ಎಂದು ಅಪ್ಪನ ಕಟ್ಟಪ್ಪಣೆ. ಅಪ್ಪ ಮೆಣಸಿನಕಾಯಿ ಅಂಗಡಿಯಲ್ಲಿ ತೂಕ ಮಾಡುತ್ತಿದ್ದ. ಸಂಜೆ ಅವನು ಅಂಗಿ ಕೊಡವಿದರೆ ನಾವೆಲ್ಲ ಸೀನುತ್ತಿದ್ದೆವು. ನಮ್ಮ ಮನೆಯಲ್ಲಿ ಜೋರಾಗಿ ಕೇಳುತ್ತಿದ್ದದ್ದು ಆ ಸೀನು ಮಾತ್ರ.

ಅವ್ವ ಹೋಗಿ ಕೆಲವು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಅಕ್ಕ ಇಬ್ಬರು ಗೆಳತಿಯರ ಜೊತೆ ಕಟ್ಟೆಯ ಮೇಲೆ ಚೌಕಾಬಾರಾ ಆಡುತ್ತಿದ್ದಳು. ಬಿಸಿ ಗಾಳಿಯಲ್ಲಿ ಮೆಣಸಿನಕಾಯಿಯ ಘಾಟಿತ್ತು. ಓಣಿಯ ತುದಿಯಿಂದ ಝಣಝಣ ಸದ್ದು ಬಂತು.

‘ನೋಡ್ರೆಲೇ, ಬಳಿ ಅಂಗಡಿನ ನಡಕೋಂತ ಬರಾಕತ್ತೈತಿ!’ ಎಂದಳು ಒಬ್ಬ ಗೆಳತಿ. ಅಕ್ಕನೂ ನಕ್ಕಳು. ಬರುತ್ತಿದ್ದವಳ ಮುಖ ಕಂಡಾಗ ಅವಳ ನಗು ನಿಂತಿತು. ಬಂದವಳು ಅಪ್ಪನ ತಂಗಿ, ನಮ್ಮ ಅತ್ತೆ. ಮೊಣಕೈ ಮೇಲಿನವರೆಗೆ ಬಿಳಿ ಬಳೆ, ಕನ್ನಡಿಯ ಲಂಗ, ಮೈತುಂಬ ಬಸ್ಸಿನ ಧೂಳು.

ಅತ್ತೆ ನೇರ ಬಂದು ಅಕ್ಕನ ಕೊರಳು ತಬ್ಬಿ, ತಲೆಗೆ ತಲೆ ಹಚ್ಚಿ ಅಳತೊಡಗಿದಳು. ಅದು ಬರೀ ಅಳುವಲ್ಲ, ರಾಗ. ಮೇಲೇರಿ, ಒಂದು ಕಡೆ ಮುರಿದು, ಮತ್ತೆ ತಳದಿಂದ ಏಳುತ್ತಿತ್ತು.

ಪಕ್ಕದ ಮನೆಯ ಅಜ್ಜಿ ಓಡಿ ಬಂದಳು. ‘ಏನಾತವಾ ತಂಗಿ? ಯಾರು ಹೋದ್ರು?’

ನಾನೂ ಹಾಗೆಯೇ ತಿಳಿದೆ. ಅಂಗಡಿಗೆ ಹೋದ ಅಪ್ಪ ಸತ್ತೇಹೋದ ಎಂದುಕೊಂಡು ಹೊಸ್ತಿಲಲ್ಲಿ ನಿಂತಲ್ಲೇ ಚಡ್ಡಿ ಒದ್ದೆ ಮಾಡಿಕೊಂಡೆ.

ಹೊಸದಾಗಿ ಯಾರೂ ಸತ್ತಿರಲಿಲ್ಲ. ಅತ್ತೆ ಅಳುತ್ತಿದ್ದದ್ದು ಅವ್ವನಿಗಾಗಿ. ಬಹಳ ದಿನದ ಮೇಲೆ ಸಿಕ್ಕ ನೆಂಟರನ್ನು ನಮ್ಮ ಹೆಂಗಸರು ಹೀಗೆ ಅಳುತ್ತಲೇ ಮಾತಾಡಿಸುತ್ತಾರೆ, ಹೋದವರನ್ನು ನೆನೆದು ಕರೆಯುತ್ತಾರೆ. ಒಬ್ಬಳು ಅತ್ತರೆ ಇನ್ನೊಬ್ಬಳು ಅದೇ ರಾಗದಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ‘ನೀನು ನನ್ನವಳಲ್ಲ’ ಎಂದಂತೆ.

ಅಕ್ಕ ಕಂಬದ ಹಾಗೆ ನಿಂತಿದ್ದಳು. ‘ಯಾರೇ ಇಕಿ? ನಿನಗೇನಾಗಬೇಕು?’ ಎಂದು ಗೆಳತಿ ಕೇಳಿದಳು. ಅತ್ತೆಯ ರಾಗ ಒಂದು ಸುತ್ತು ಮುಗಿಸಿ ಉತ್ತರಕ್ಕೆ ಕಾಯಿತು. ಮತ್ತೆ ಎದ್ದಿತು, ಮತ್ತೆ ಕಾಯಿತು. ಅವಳ ಕೈಗಳು ಅಕ್ಕನ ಕೊರಳಿನಿಂದ ಸಡಿಲವಾಗತೊಡಗಿದವು.

ಆಗ ಅಕ್ಕ ‘ಯಾಡೀ’ ಎಂದಳು. ನಮ್ಮ ಭಾಷೆಯಲ್ಲಿ ಅವ್ವಾ ಎಂದು. ಆ ಪದದ ಬೆನ್ನಿಗೇ ನನಗೆ ತಿಳಿಯದ ಮಾತುಗಳು ರಾಗವಾಗಿ ಬಂದವು. ಅಪ್ಪ ಇಲ್ಲದ ಹೊತ್ತಿನಲ್ಲಿ ಅವ್ವ ಅವಳಿಗೆ ಪಿಸುಗುಟ್ಟಿ ಕಲಿಸಿದ್ದಂತೆ. ಓಣಿಯೆಲ್ಲ ನೋಡುತ್ತಿತ್ತು. ಯಾರೋ ಕರೆದಿರಬೇಕು, ಅಪ್ಪ ಅಂಗಡಿಯಿಂದ ಓಡಿ ಬಂದ. ಸದ್ದು ಮಾಡಬೇಡಿ ಎನ್ನಲಿಲ್ಲ. ಗೋಡೆಗೆ ಮುಖ ಹಚ್ಚಿ ನಿಂತುಬಿಟ್ಟ.

ಅತ್ತವರು ಇಬ್ಬರು. ನನಗೆ ಕೇಳಿದ್ದು ಮೂರು ದನಿ. ಮೂರನೆಯದು ಒಳಗಿನ ಕತ್ತಲೆಯ ಅಡುಗೆಮನೆಯಿಂದ ಬರುತ್ತಿತ್ತು.

ಧಾರವಾಡದಲ್ಲಿ ಎಂ.ಎ. ಓದುವಾಗ ಈ ನೆನಪನ್ನು ತಿರುವಿ ತಿರುವಿ ನೋಡಿದೆ. ತಗಡಿನ ಮಾಡಿನ ಪ್ರತಿಧ್ವನಿ ಇರಬೇಕು, ಹೆದರಿದ ಹುಡುಗನ ಕಿವಿ ಇರಬೇಕು. ಅಕ್ಕನನ್ನು ಕೇಳಿದರೆ, ‘ಮೂರನೇದಾಕಿ ಎಲ್ಲಿದ್ದಳೋ ಹುಚ್ಚಪ್ಪಾ? ಅತ್ತಿ ಬಂದಾಗ ಸಂಜಿ ಆಗಿತ್ತು. ನೀ ಒಳಗ ಮಲಗಿದ್ದಿ’ ಎನ್ನುತ್ತಾಳೆ. ಹಾಗಾದರೆ ನಾನು ಕಂಡದ್ದೇನು? ಗೊತ್ತಿಲ್ಲ. ಆದರೆ ಆ ದನಿ ಈಗಲೂ ಕೆಲವು ಮಧ್ಯಾಹ್ನ ನನಗೆ ಕೇಳುತ್ತದೆ. ಏನನ್ನುತ್ತದೆ ಎಂದು ಮಾತ್ರ ತಿಳಿಯುವುದಿಲ್ಲ. ನನಗೆ ಆ ಭಾಷೆ ಯಾರೂ ಕಲಿಸಲಿಲ್ಲ.

ಮರುದಿನ ಒಬ್ಬ ಗೆಳತಿ ಆಟಕ್ಕೆ ಬಂದಳು, ಇನ್ನೊಬ್ಬಳು ಬರಲಿಲ್ಲ. ಶಾಲೆಯಲ್ಲಿ ಯಾರೂ ಕೇಳುವ ಮೊದಲೇ ಅಕ್ಕ ‘ನಾವು ಲಂಬಾಣ್ಯಾರು’ ಎಂದಳಂತೆ.

ಮೊಮ್ಮಕ್ಕಳೇ, ನೀವು ಶಾಲೆಯ ಗ್ಯಾದರಿಂಗಿನಲ್ಲಿ ಕನ್ನಡಿಯ ಲಂಗ ಬಾಡಿಗೆಗೆ ತಂದು ಕುಣಿಯುತ್ತೀರಿ. ಜನ ಚಪ್ಪಾಳೆ ತಟ್ಟುತ್ತಾರೆ. ನೀವು ಯಾರು ಎಂದರೆ ಥಟ್ಟನೆ ಹೇಳುತ್ತೀರಿ. ನನಗದು ಸಂತೋಷವೇ. ಮೊನ್ನೆ ನಿಮ್ಮಲ್ಲೊಬ್ಬಳು ಅಕ್ಕನ ಮುಂದೆ ಮೊಬೈಲು ಹಿಡಿದು, ‘ಆ ಅಳೂ ಹಾಡು ಹಾಡಜ್ಜಿ, ರೆಕಾರ್ಡ್ ಮಾಡ್ಕೋತೇನಿ’ ಎಂದಳು. ಅಕ್ಕ ನಕ್ಕಳು. ‘ಸುಮ್ಮಸುಮ್ಮನ ಬರೂದಿಲ್ಲವ್ವಾ ಅದು. ಯಾರರ ಬಂದು ತೆಕ್ಕ್ಯಾಗ ಹಿಡೀಬೇಕು.’

ಹುಡುಗಿ ಮೊಬೈಲು ಕೆಳಗಿಡುತ್ತಾಳೇನೋ ಎಂದು ನಾನು ಕಾಯುತ್ತ ಕುಳಿತಿದ್ದೆ.